ಎರಡನೆಯ ಮೆಷಿನ್ನೂ ಮೂವತ್ತು ಹೆಜ್ಜೆಯೂ

ಶುಕ್ರವಾರ ಬೆಳಿಗ್ಗೆ ಐದೂವರೆಯೊಳಗೆ ನಾನು ಮಾಡಿ ಮುಗಿಸಿದ ಕೆಲಸಗಳು ಇವು. ನೆನೆಹಾಕಿದ್ದ ಅಕ್ಕಿ ರುಬ್ಬಿ ಎಂಟು ನೀರುದೋಸೆ ಹೊಯ್ದದ್ದು. ಕಾಯಿ-ಬೆಲ್ಲ ಕಲಸಿ ಡಬ್ಬಿಗೆ ಹಾಕಿದ್ದು. ಫ್ಲಾಸ್ಕಿಗೆ ಚಹಾ ತುಂಬಿದ್ದು. ಮಧ್ಯಾಹ್ನಕ್ಕೆಂದು ಶೇರಿ ಮೀನನ್ನು ಫ್ರೀಜರಿನಿಂದ ತೆಗೆದಿಟ್ಟದ್ದು. ಇವರ ವಾರದ ಆರು ಶರ್ಟುಗಳನ್ನು ವಾಷಿಂಗ್ ಮೆಷಿನ್ನಿಗೆ ಹಾಕಿದ್ದು. ಎರಡು ಮೆಟಲ್ ಡಿಟೆಕ್ಟರುಗಳಿಗೆ ಹೊಸ ಬ್ಯಾಟರಿ ತುಂಬಿದ್ದು.

ಕೊನೆಯದನ್ನು ಓದಿ ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಅದೂ ಅಡುಗೆಮನೆಯ ಕೆಲಸವೇ.

ಈ ಅಂಕಣವನ್ನು ಹೊಸದಾಗಿ ಓದುವವರಿಗಾಗಿ ಒಂದು ಮಾತು. ನಮ್ಮವರು ಈ ಕೊಲ್ಲಿ ನಾಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಎರಡು ವರ್ಷದ ಹಿಂದೆ ಕಂಪನಿಯ ಬ್ರಿಟಿಷ್ ಇಂಜಿನಿಯರ್ ಒಬ್ಬ ಕೆಲಸ ಬಿಟ್ಟು ಹೊರಟಾಗ ತನ್ನ ಮೆಟಲ್ ಡಿಟೆಕ್ಟರನ್ನು ಇವರ ಕೈಗಿತ್ತು ಹೋದ. ಉದ್ದ ಕೋಲು, ತುದಿಯಲ್ಲಿ ದೋಸೆ ಕಾವಲಿಯಂಥ ತಟ್ಟೆ. ಮರಳಿನ ಮೇಲೆ ಆಡಿಸಿದರೆ, ಕೆಳಗೆ ಲೋಹ ಇದ್ದಲ್ಲಿ ಕುಂಯ್ ಅನ್ನುತ್ತದೆ. ಅಂದಿನಿಂದ ಚಳಿಗಾಲದ ಪ್ರತಿ ಶುಕ್ರವಾರ ಅಲ್ ವಕ್ರಾದ ಬೀಚಿನಲ್ಲಿ ನಮ್ಮ ನಿಧಿಶೋಧ. (ಹಳೆಯ ಕೋಟೆ, ಪಾಳುಬಿದ್ದ ಊರುಗಳ ಕಡೆ ನಾವು ತಲೆ ಹಾಕುವುದಿಲ್ಲ. ಅಲ್ಲಿ ಅಗೆಯಲು ಬಿಡುವುದೂ ಇಲ್ಲ. ನಮ್ಮದೇನಿದ್ದರೂ ಪಿಕ್ನಿಕ್ಕಿಗೆ ಬಂದವರು ಬೀಳಿಸಿಕೊಂಡು ಹೋದದ್ದನ್ನು ಹೆಕ್ಕುವ ಕೆಲಸ.)

ಈವರೆಗೆ ಸಿಕ್ಕ ನಿಧಿ ಏನು? ಒಂದು ಉಪ್ಪಿನಕಾಯಿ ಬಾಟಲಿಯಷ್ಟು ಐವತ್ತು ದಿರ್ಹಮಿನ, ಅಂದರೆ ಅರ್ಧ ರಿಯಾಲಿನ ನಾಣ್ಯಗಳು, ಮೂರು ಬೀಗದ ಕೈ, ಟೆಂಟಿನ ಗೂಟಗಳು, ಯಾವುದೋ ಮಗುವಿನ ಒಂಟಿ ಕಾಲ್ಗೆಜ್ಜೆ. ಮತ್ತೆ ಕೋಲಾ ಡಬ್ಬಿಗಳ ಕೊಂಡಿಗಳು. ಅವನ್ನು ಎಣಿಸುವುದನ್ನು ಬಿಟ್ಟಿದ್ದೇವೆ.

ಕೆಲಸದ ಹಂಚಿಕೆ ಮೊದಲ ದಿನವೇ ತಾನಾಗಿ ಆದದ್ದು. ಅವರು ಕೋಲು ಆಡಿಸುವುದು, ಕುಂಯ್ ಅಂದಲ್ಲಿ ನಾನು ಕೂತು ಅಗೆದು ಮರಳನ್ನು ಜರಡಿಯಾಡಿಸುವುದು. ಅವರ ಬಲ ಮೊಣಕಾಲು ಮಡಚಿದರೆ ಮತ್ತೆ ಬಿಚ್ಚಲು ಸತಾಯಿಸುತ್ತದೆ. ನನಗೋ ಅಕ್ಕಿಯಲ್ಲಿ ಕಲ್ಲು ಹುಡುಕಿ ಅಭ್ಯಾಸವಾದ ಕೈ.

ಆದರೆ ನಾನು ಹೋಗುತ್ತಿದ್ದದ್ದು ನಿಧಿಗಲ್ಲ. ಮಾತಿಗೆ.

ಆರು ದಿನ ಇವರು ಬೆಳಗಾಗುವಾಗ ಹೋಗಿ ಕತ್ತಲಾಗುವಾಗ ಬರುತ್ತಾರೆ. ಸ್ನಾನ, ಟಿವಿ ನ್ಯೂಸು, ಊಟ, ಖಲಾಸ್. ಎದುರೆದುರು ಕೂರಿಸಿ ಕೇಳಿದರೆ "ಎಂತ ಇಲ್ಲ" ಎಂಬ ಒಂದೇ ಉತ್ತರ. ಬೀಚಿನಲ್ಲಿ ಹಾಗಲ್ಲ. ಇಬ್ಬರ ಕಣ್ಣೂ ಮರಳಿನ ಮೇಲೆ. ಮುಖ ನೋಡಬೇಕಾಗಿಲ್ಲ. ಆಗ ಮಾತು ಬರುತ್ತದೆ. ತನಗೆ ಶುಗರ್ ಬಂದಿದೆ ಎಂದು ಇವರು ಹೇಳಿದ್ದು ಅಲ್ಲಿಯೇ, ರಿಪೋರ್ಟನ್ನು ಎರಡು ವಾರ ಬಚ್ಚಿಟ್ಟ ಮೇಲೆ, ಒಂದು ಬಾಟಲಿ ಮುಚ್ಚಳಕ್ಕೂ ಒಂದು ನಾಣ್ಯಕ್ಕೂ ನಡುವೆ. ಮಗ ಹಾಸ್ಟೆಲಿಗೆ ಹೋದ ಮೇಲೆ ನಾನು ಅವನ ಮಂಚದ ಬೆಡ್‌ಶೀಟನ್ನು ಪ್ರತಿ ವಾರ ಬದಲಾಯಿಸುತ್ತೇನೆ ಎಂದು ನಾನು ಹೇಳಿದ್ದೂ ಅಲ್ಲಿಯೇ.

ಹೀಗಿರುವಾಗ ಎರಡನೆಯ ಮೆಷಿನ್ನಿನ ಮಾತು ಎದ್ದಿತು.

ಅದಕ್ಕೆ ಕಾರಣ ಅಲ್ ಮನ್ಸೂರಾದ ನಮ್ಮ ಬಿಲ್ಡಿಂಗಿನ ಲಿಫ್ಟು. ಕೆಳಗಿನ ಮಹಡಿಯ ರಮಾ, ಮೈಸೂರಿನವರು, ಬಾಯಿ ತುಂಬ ಮಾತು. ಪ್ರತಿ ಶುಕ್ರವಾರ ಲಿಫ್ಟಿನಲ್ಲಿ ಸಿಕ್ಕಾಗ "ಏನ್ರೀ, ಚಿನ್ನ ಸಿಕ್ತೇನ್ರೀ?" ಎಂದು ಕೇಳದೆ ಬಿಡುವವರಲ್ಲ. ಒಂದು ದಿನ ಇವರ ಎದುರಿಗೇ ನನಗೆ ಹೇಳಿದರು. "ಚೆನ್ನಾಗಿದೆ ಕಣ್ರೀ ನಿಮ್ದು. ಯಜಮಾನ್ರು ರಾಜನ್ ತರ ಕೋಲು ಹಿಡ್ಕೊಂಡು ಮುಂದೆ, ನೀವು ಕೂಲಿಯೋರ್ ತರ ಗುಂಡಿ ತೋಡ್ತಾ ಹಿಂದೆ!"

ನಾನು ನಕ್ಕೆ. ಇವರು ನಗಲಿಲ್ಲ.

ಮರುದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಬಿತ್ತು. ಮೂರು ಕಾಲಂ. ಒಂದರಲ್ಲಿ ನೀರಿನೊಳಗೂ ನಡೆಯುವ ಮೆಷಿನ್. ಒಂದರಲ್ಲಿ ಮಕ್ಕಳಿಗಾಗಿ ಮಾಡಿದ ಹಗುರದ್ದು. ಇನ್ನೊಂದರಲ್ಲಿ ನಮ್ಮಲ್ಲಿರುವಂಥದ್ದೇ ಇನ್ನೊಂದು. ತೂಕ, ಉದ್ದ, ಬ್ಯಾಟರಿ, ರಿಪೇರಿ ಎಂದು ಅಡ್ಡ ಗೆರೆಗಳು. ಸ್ಟೋರ್‌ಕೀಪರ್ ಅಲ್ಲವೇ? ಹತ್ತು ದಿನದಲ್ಲಿ ಮೊದಲಿನ ಎರಡು ಕಾಲಂಗಳ ಮೇಲೆ ಕೆಂಪು ಗೆರೆ ಬಿತ್ತು.

"ನಮ್ಮದ್ದೇ ಮಾಡೆಲ್ ತಗೊಳ್ಳುವ" ಎಂದರು. (ಮನೆಯಲ್ಲಿ ನಾವಾಡುವುದು ತುಳು. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.) "ಸೇಮ್ ಬ್ಯಾಟರಿ, ಸೇಮ್ ಸ್ಪೇರ್. ಒಂದರದ್ದು ಹಾಳಾದ್ರೆ ಇನ್ನೊಂದರದ್ದು ಹಾಕ್ಬಹುದು. ಸ್ಟೋರಿನಲ್ಲಿ ನಾವು ಯಾವಾಗ್ಲೂ ಹಾಗೇ ಮಾಡುದು."

"ನಂಗೆ ಬೇಕೂಂತ ನಾನು ಕೇಳಿದ್ನಾ?"

"ನೀನು ಕೇಳುದಿಲ್ಲ ಮಾರಾಯ್ತಿ, ಅದೇ ಪ್ರಾಬ್ಲಮ್. ಎಷ್ಟು ದಿನ ಅಂತ ನನ್ನ ಹಿಂದೆ ಜರಡಿ ಹಿಡ್ಕೊಂಡು ಬರುದು ನೀನು?"

ಪ್ರೀತಿಯಿಂದ ಕೊಡಿಸಲು ಹೊರಟದ್ದನ್ನು ಬೇಡ ಅನ್ನುವುದು ಹೇಗೆ? ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ.

ಇವರ ಜೊತೆ ಕೆಲಸ ಮಾಡುವ ಫಿಲಿಪೀನಿ ಒಬ್ಬನ ಬಳಿ ಇದೇ ಮಾಡೆಲ್ ಇತ್ತು, ಮಾರುವವನಿದ್ದ. ಒಂದು ಶುಕ್ರವಾರ ಟ್ರಯಲ್ ನೋಡಿ ಎಂದು ಬ್ಯಾಗ್ ಸಮೇತ ಕೊಟ್ಟ. ಮೊದಲಿಗೇ ಹೇಳಿದ ಶುಕ್ರವಾರ ಅದೇ. ಬೆಳಿಗ್ಗೆ ಬ್ಯಾಟರಿ ಹಾಕುವಾಗ ಆ ಬ್ಯಾಗಿನ ಪಕ್ಕದ ಜೇಬಿನಲ್ಲಿ ಹೆಬ್ಬೆರಳು ಗಾತ್ರದ, ಗೇಣುದ್ದದ ಒಂದು ಟಾರ್ಚು ಸಿಕ್ಕಿತು. ಅದಕ್ಕೂ ಒಂದು ಬ್ಯಾಟರಿ ಹಾಕಿ ಒತ್ತಿದೆ. ಬೆಳಕು ಬರಲಿಲ್ಲ. ನನ್ನ ಕೈಯನ್ನು ನೋಡಿ ಗುರ್ ಎಂದಿತು. ಹಾಳಾಗಿದೆ ಎಂದು ಜೇಬಿಗೇ ತುರುಕಿದೆ.

ಆರೂವರೆಗೆ ಬೀಚಿನಲ್ಲಿದ್ದೆವು. ಗಾಳಿಗೆ ಸ್ವೆಟರ್ ಬೇಕೆನ್ನಿಸುವ ಚಳಿ. ಎರಡೂ ಮೆಷಿನ್ ಆನ್ ಮಾಡಿದ್ದೇ ತಡ, ಜಾತ್ರೆಯಲ್ಲಿ ಕಳೆದುಹೋದ ಎರಡು ಮಕ್ಕಳ ಹಾಗೆ ಒಟ್ಟಿಗೇ ಕಿರುಚತೊಡಗಿದವು. ಇವರ ಮುಖ ಅರಳಿತು. "ದೊಡ್ಡದು ಎಂತದೋ ಉಂಟು!" ಎಂದರು. ಅಗೆದೆವು. ಮರಳು. ಇನ್ನೂ ಅಗೆದೆವು. ಒದ್ದೆ ಮರಳು. ಜಾಗ ಬದಲಾಯಿಸಿದರೂ ಅದೇ ಕಿರುಚಾಟ.

ಕೊನೆಗೆ ಮ್ಯಾನುಯಲ್ ತೆಗೆದು, ಕನ್ನಡಕ ಏರಿಸಿ ಕೊನೆಯ ಪುಟಕ್ಕೆ ಬಂದರು. ಅಲ್ಲಿತ್ತು ಉತ್ತರ. ಒಂದೇ ಮಾಡೆಲಿನ ಎರಡು ಮೆಷಿನ್ ಹತ್ತಿರ ಹತ್ತಿರ ಇದ್ದರೆ ಒಂದರ ಸಿಗ್ನಲ್ ಇನ್ನೊಂದು ಹಿಡಿದು ಕಿರುಚುತ್ತದೆ. ದೂರ ನಿಂತು ಬಳಸಬೇಕು.

"ಸೇಮ್ ಸ್ಪೇರ್" ಎಂದೆ ನಾನು, ಮೆಲ್ಲಗೆ.

"ಆಯ್ತು ಮಾರಾಯ್ತಿ. ನೀನು ಆಚೆ ಹೋಗು. ಇನ್ನೂ ಆಚೆ. ಇನ್ನೂ ಸ್ವಲ್ಪ... ಹಾಂ, ಸಾಕು!"

ನಾನು ಎಣಿಸಿದ್ದೆ. ಮೂವತ್ತು ಹೆಜ್ಜೆ.

ಇವರು ಹೆಡ್‌ಫೋನ್ ಹಾಕಿಕೊಂಡು ಆ ಕಡೆ ತಿರುಗಿದರು. ನಾನು ಈ ಕಡೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಕುಂಯ್! ಕೂತು ಅಗೆದೆ. ಏನಿಲ್ಲ. ಮುಂದೆ ಹೋದೆ. ಕುಂಯ್! ಹೋದಲ್ಲೆಲ್ಲ ಕುಂಯ್! ವಕ್ರಾದ ಕಡಲತೀರವಿಡೀ ಬೆಳ್ಳಿಯೇ? ಹೌದು, ಬೆಳ್ಳಿಯೇ. ನನ್ನ ಕಾಲುಂಗುರ. ತಟ್ಟೆ ಪಾದದ ಹತ್ತಿರ ಬಂದಾಗಲೆಲ್ಲ ಕೂಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುವಂಥ ಸಂಗತಿ. ನಕ್ಕೆ ಕೂಡ, ಒಬ್ಬಳೇ. ಇವರಿಗೆ ಹೇಳೋಣವೆಂದು ತಿರುಗಿದೆ. ಕೈ ಬೀಸಿದೆ. ಅವರೂ ಕೈ ಬೀಸಿದರು, ತಿರುಗಿ ಕೆಲಸಕ್ಕೆ ತೊಡಗಿದರು.

ಆಮೇಲೆ ಕೋಲನ್ನು ಕಾಲಿಂದ ದೂರ ಹಿಡಿಯಲು ಕಲಿತೆ. ಒಂದು ನಾಣ್ಯ ಸಿಕ್ಕಿತು. ಮೀನು ಬಲೆಯ ಸೀಸದ ಗುಂಡು ಸಿಕ್ಕಿತು. ನಾನೇ ಹುಡುಕಿ ನಾನೇ ತೆಗೆದದ್ದು. ಖುಷಿಯಾಯಿತೇ? ಆಯಿತು, ಸುಳ್ಳೇಕೆ ಹೇಳಲಿ? ಆದರೆ ಅಂಗೈಯಲ್ಲಿ ಹಿಡಿದು "ನೋಡಿ" ಅನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಈಚೆಗೆ ಎಲ್ಲ ಮನೆಗೂ ಎರಡನೆಯದು ಬರುತ್ತಿದೆ. ರಮಾ ಅವರ ಮನೆಗೆ ಎರಡನೆಯ ಟಿವಿ ಬಂತು, ಕ್ರಿಕೆಟ್ಟಿಗೂ ಧಾರಾವಾಹಿಗೂ ಜಗಳ ಬೇಡವೆಂದು. ಜಗಳ ನಿಂತಿತು. "ಈಗ ಅವರು ಯಾವಾಗ ಮಲಗ್ತಾರೋ ನಂಗೇ ಗೊತ್ತಾಗಲ್ಲ ಕಣ್ರೀ" ಎಂದು ಅವರೇ ಒಮ್ಮೆ ಹೇಳಿದ್ದರು. ಅನುಕೂಲ ಹೆಚ್ಚಿದ್ದಂತೂ ನಿಜ.

ಚಹಾ ಕುಡಿಯೋಣವೆಂದು ಕೂತು ಇವರತ್ತ ನೋಡಿದೆ. ಅಗೆಯುತ್ತಿದ್ದರು. ಎಡ ಮಂಡಿ ಊರಿ, ಬಲಗಾಲನ್ನು ಮಗುವಿನ ಹಾಗೆ ಉದ್ದಕ್ಕೆ ಚಾಚಿ, ಒಂದು ಕೈ ಸೊಂಟಕ್ಕೆ ಕೊಟ್ಟು. ಏಳಲು ಮೂರು ಸಲ ನೋಡಿದರು. ಮೂರನೆಯ ಸಲ ಕೋಲನ್ನು ಊರಿ ಎದ್ದರು. ಅತ್ತಿತ್ತ ನೋಡಿದರು, ನಾನು ಕಂಡೆನೋ ಎಂದು. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಮೆಷಿನ್ ಆಫ್ ಮಾಡಿದೆ. ಬ್ಯಾಗನ್ನೂ ಚಹಾವನ್ನೂ ಎತ್ತಿಕೊಂಡು ಮೂವತ್ತು ಹೆಜ್ಜೆ ವಾಪಸ್ ನಡೆದೆ.

ಇವರು ಹೆಡ್‌ಫೋನ್ ಸರಿಸಿದರು. "ಎಂತ, ಬ್ಯಾಟರಿ ಹೋಯ್ತಾ?"

"ಬ್ಯಾಟರಿ ಉಂಟು. ನಂಗೆ ಬೇಡ."

"ಯಾಕೆ? ಭಾರ ಆಗ್ತದಾ?"

"ಮದುವೆ ಆಗಿ ಎಂಟು ವರ್ಷ ನೀವು ಇಲ್ಲಿ, ನಾನು ಊರಲ್ಲಿ. ಫ್ಯಾಮಿಲಿ ವೀಸಾ ಸಿಕ್ಕಿದ ದಿನ ಫೋನಲ್ಲಿ ಅತ್ತದ್ದು ಯಾರು? ದೂರ ದೂರ ನಡೀಲಿಕ್ಕಾದ್ರೆ ನಾನು ವಿಮಾನ ಹತ್ತಿ ಯಾಕೆ ಬರ್ಬೇಕಿತ್ತು?"

ಇವರು ಸಮುದ್ರ ನೋಡಿದರು. ಆಮೇಲೆ ಮರಳು ನೋಡಿದರು. ಮರಳು ನೋಡಿದ ಮೇಲೆಯೇ ಮಾತು ಬಂತು.

"ಲಿಫ್ಟಲ್ಲಿ ಆ ರಮಾ ಅವರು ಕೂಲಿಯವರ ಹಾಗೆ ಅಂತ ಹೇಳಿದ್ರಲ್ಲ... ನಂಗೆ ಅದು ನಿಜ ಅಂತ ಕಂಡಿತು."

"ಕೂಲಿಯವಳಿಗೆ ನೀವು ಶುಗರ್ ರಿಪೋರ್ಟ್ ತೋರಿಸ್ತೀರಾ?"

ನಕ್ಕರು. ನಾನು ಅವರ ಗುಂಡಿಯ ಮುಂದೆ ಕೂತೆ. ಎಷ್ಟು ಕೆದಕಿದರೂ ವಸ್ತು ಸಿಕ್ಕಲಿಲ್ಲ. ಮರಳಿನೊಳಗೆ ಕತ್ತಲೆ ಬೇರೆ. ಆ ಟಾರ್ಚಿಗೆ ಇನ್ನೊಂದು ಅವಕಾಶ ಕೊಡೋಣವೆಂದು ಬ್ಯಾಗಿನಿಂದ ತೆಗೆದು ಗುಂಡಿಗೆ ಹಿಡಿದೆ. ಬೆಳಕಿಲ್ಲ. ಬಲಕ್ಕೆ ಒಯ್ದರೆ ಸುಮ್ಮನಿತ್ತು. ಎಡಕ್ಕೆ ಒಯ್ದರೆ ಗುರ್ ಎಂದಿತು. ಅಲ್ಲೇ ಬೆರಳು ಹಾಕಿದೆ. ತುಕ್ಕು ಹಿಡಿದ ಒಂದು ಚಮಚ.

"ಇದು ಟಾರ್ಚ್ ಅಲ್ಲ ಮಾರಾಯ್ತಿ!" ಇವರು ಕಿತ್ತುಕೊಂಡು ನೋಡಿದರು. "ಇದೂ ಡಿಟೆಕ್ಟರ್. ಗುಂಡಿಯೊಳಗೆ ಹುಡುಕ್ಲಿಕ್ಕೆ ಇರುದು."

ಬೆಳಿಗ್ಗೆ ಅಡುಗೆಮನೆಯಲ್ಲಿ ಅದು ಗುರ್ ಅಂದದ್ದು ನನ್ನ ಚಿನ್ನದ ಬಳೆಗೆ! ಬಲಗೈಯ ಬಳೆಗಳನ್ನು ಎಡಗೈಗೆ ಹಾಕಿಕೊಂಡು ಕೆಲಸಕ್ಕೆ ಕೂತೆ. ಒಂದು ಗಂಟೆಯಲ್ಲಿ ಹದಿನಾಲ್ಕು ಗುಂಡಿ. ದೊಡ್ಡ ಮೆಷಿನ್ ಜಾಗ ತೋರಿಸಬೇಕು, ಆಮೇಲೆ ಪಕ್ಕಕ್ಕೆ ಸರಿಯಬೇಕು. ಈ ಚಿಕ್ಕದು ಗುಂಡಿಯೊಳಗೆ ನಾಲ್ಕು ಬೆರಳಿನಷ್ಟು ದೂರ ಮಾತ್ರ ನೋಡುತ್ತದೆ. ಒಂಟಿಯಾಗಿ ಬೀಚಿಗೆ ಬಂದರೆ ಯಾವ ಕೆಲಸಕ್ಕೂ ಇಲ್ಲ. ನನಗೆ ಹೇಳಿ ಮಾಡಿಸಿದ ಹಾಗಿತ್ತು. ಕಾಲುಂಗುರದ ಕಥೆ ಹೇಳಿದೆ. ಇವರು ಮಂಡಿನೋವನ್ನೂ ಮರೆತು ಮರಳಿನಲ್ಲಿ ಕೂತು ನಕ್ಕರು. ಎಬ್ಬಿಸಲು ನಾನೇ ಕೈ ಕೊಡಬೇಕಾಯಿತು.

ಲಿಫ್ಟಿನಲ್ಲಿ ರಮಾ ಕಾದೇ ಇದ್ದರು. "ಏನ್ರೀ, ಚಿನ್ನ ಸಿಕ್ತೇನ್ರೀ? ಓಹೋ, ಎರಡು ಮೆಷಿನ್ನು! ಈಗ ಸರಿಹೋಯ್ತು ನೋಡಿ."

"ದೊಡ್ಡದು ನಾಳೆ ವಾಪಸ್" ಎಂದರು ಇವರು. ಚಿಕ್ಕದನ್ನು ಎತ್ತಿ ತೋರಿಸಿದರು. "ಇವಳಿಗೆ ಈ ಕೋಲು ಸಾಕಂತೆ, ಇದನ್ನು ಮಾತ್ರ ತಗೊಳ್ಳುದು."

"ಇಷ್ಟೇನಾ? ಪೆನ್ನಿನ್ ತರ ಇದೆ!"

"ಹೌದು ರಮಾ, ಇಷ್ಟೇ" ಎಂದೆ.

ಮನೆಗೆ ಬಂದು ಫ್ರಿಜ್ಜಿನ ಹಾಳೆಯಲ್ಲಿ ಇವರು ನಾಲ್ಕನೆಯ ಕಾಲಂ ಎಳೆದರು. ತೂಕ, ಉದ್ದ ಏನೂ ಬರೆಯದೆ ಒಂದು ಟಿಕ್ ಹಾಕಿದರು. ಸ್ಟೋರ್‌ಕೀಪರ್ ಜೀವನದಲ್ಲಿ ಇದೇ ಮೊದಲಿರಬೇಕು.

ಊಟಕ್ಕೆ ಶೇರಿ ಮೀನಿನ ಗಸಿ, ಕುಚ್ಚಲಕ್ಕಿ ಅನ್ನ, ಹಪ್ಪಳ, ಮಜ್ಜಿಗೆಗೆ ಬದಲು ಲಬನ್. ಊಟದ ಉದ್ದಕ್ಕೂ ಆ ಚಿಕ್ಕ ಕೋಲನ್ನು ಸೌಟಿಗೆ, ತಟ್ಟೆಗೆ, ಉಪ್ಪಿನ ಡಬ್ಬಿಗೆ ಹಿಡಿದು ಗುರ್ ಅನ್ನಿಸುತ್ತಿದ್ದರು. ಆಮೇಲೆ ಸೋಫಾದಲ್ಲಿ ಒರಗಿದವರು ಕೋಲನ್ನು ಎದೆಯ ಮೇಲಿಟ್ಟುಕೊಂಡು ಹಾಗೇ ನಿದ್ದೆಹೋದರು. ಎಂದಿನಂತೆ ನನಗಿಂತ ಮೊದಲು.

ಬಿದ್ದು ಹಾಳಾದೀತೆಂದು ಮೆಲ್ಲಗೆ ತೆಗೆಯಲು ಹೋದೆ. ಬಳೆ ತಾಗಿತು. ಗುರ್!

"ಎಂತ ಸಿಕ್ಕಿತು?" ಎಂದರು, ಕಣ್ಣು ಮುಚ್ಚಿಕೊಂಡೇ.

"ನಾನೇ" ಎಂದೆ.