ಎದಿ ಒತ್ತುವಾಗ ಕೇಳಿದ ದನಿ

ಕಾಣದ ದನಿ ಕೇಳಿತು ಅಂತ ಯಾರರ ಹೇಳಿದ್ರ ನಾ ನಗ್ತಿದ್ದೆ. "ಪಿತ್ತ ನೆತ್ತಿಗೇರೇತಿ, ಮಜ್ಜಿಗಿ ಕುಡೀರಿ" ಅಂತಿದ್ದೆ. ದೆವ್ವ-ಭೂತ ಈಗೂ ನಾ ನಂಬಾಂಗಿಲ್ಲ. ಆದ್ರ ನನ್ನ ಕಿವೀಲೆ ಕೇಳಿದ್ದನ್ನ ಇಲ್ಲ ಅನ್ನೂದು ಹ್ಯಾಂಗ?

ಅರವತ್ತರ ದಶಕ ಮುಗಿಯಾಕ ಬಂದಿತ್ತು. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯೊಳಗ ನಮ್ಮ ಮನಿಯವರು ಸಾಲಿ ಮಾಸ್ತರು. ಹುಬ್ಬಳ್ಳಿಗೆ ತರಬೇತಿಗೆ ಹೋಗಿ, ನಿಂತ ಎದಿಬಡಿತ ಮತ್ತ ಶುರು ಮಾಡೂದನ್ನ ಕಲ್ತು ಬಂದ್ರು. ಬಂದ ಕೂಡ್ಲೆ ತಲಿದಿಂಬು ನೆಲಕ್ಕ ಹಾಕಿ ನನಗ ಪಾಠ ಹಚ್ಚಿದ್ರು. ಕೂಸಿಗೆ ಎರಡ ಬೆರಳು, ಸಣ್ಣ ಹುಡುಗರಿಗೆ ಒಂದ ಅಂಗೈ, ದೊಡ್ಡವರಿಗೆ ಕೈ ಮ್ಯಾಲ ಕೈ. ಒತ್ತಬೇಕು, ಬಿಡಬೇಕು, ಎದಿ ಪೂರಾ ಮ್ಯಾಲ ಏಳಬೇಕು. "ರೊಟ್ಟಿ ಹೊತ್ತಾಕತ್ತೈತ್ರಿ, ನಿಮ್ಮ ದಿಂಬು ಆಮ್ಯಾಲ ಬದುಕ್ಲಿ" ಅಂತ ನಾ ಎದ್ದು ಹೋಗಿದ್ದೆ.

ಆ ವರ್ಷನ ನಮ್ಮ ಹೊಲದ ಬಾವಿಗೆ ಕರೆಂಟಿನ ಪಂಪು ಬಂತು. ಒಂದಿನ ಮುಂಜಾನೆ ನಾ ಬುತ್ತಿ ತಗೊಂಡು ಹೋದಾಗ, ಹಸಿ ಕೈಲೆ ಸ್ವಿಚ್ ಮುಟ್ಟಿದ ಇವರು ಅಲ್ಲೇ ಬಿದ್ರು. ಮಾವನವರು ಓಡಿ ಮೇನ್ ಆರಿಸಿದ್ರು. ಉಸುರಿಲ್ಲ, ನಾಡಿಯಿಲ್ಲ. ಕರೆಂಟ್ ಹೊಡದವರನ್ನ ಕುತ್ತಿಗಿಮಟ ಮಣ್ಣಾಗ ಹುಗದ್ರ ಕರೆಂಟ್ ನೆಲಕ್ಕ ಇಳೀತೈತಿ ಅಂತ ನಮ್ಮ ಕಡೆ ನಂಬಿಕಿ. ಮಾವನವರು ಅಳಕೋತ ಗುದ್ದಲಿ ಹಿಡದು ಕುಣಿ ತೋಡಾಕ ನಿಂತ್ರು.

"ಬ್ಯಾಡ್ರಿ ಮಾವಾ! ಜೀವ ಇದ್ದಾಗನ ಮಗನ್ನ ಹುಗೀತೀರೇನ್ರಿ?" ಅಂತ ಚೀರಿದೆ.

ಎದಿ ಮ್ಯಾಲ ಕೈ ಇಟ್ಟೆ. ಕಲ್ತದ್ದು ಒಂದೂ ನೆನಪಾಗವಲ್ದು. ಆಗ ನನ್ನ ಹಿಂದ ನಮ್ಮ ಮನಿಯವರದ ದನಿ! ನನ್ನ ಹೆಸರು ಹಿಡದು ಕರದು, "ಮೊಳಕೈ ಬಗ್ಗಸಬ್ಯಾಡ. ಇನ್ನೂ ಜೋರ ಒತ್ತು. ಹೆದರಬ್ಯಾಡ, ನಾ ಇಲ್ಲೇ ಅದೇನಿ" ಅಂತು. ಅವರ ತುಟಿ ನನ್ನ ಕಣ್ಣ ಮುಂದನ ನೀಲಿಗಟ್ಟಿ ಮುಚ್ಚಿದ್ವು. ತಿರುಗಿ ನೋಡಾಕ ಪುರಸೊತ್ತಿಲ್ಲ, ಹೇಳಿದಂಗ ಒತ್ತಿದೆ. ತೋಳು ಸೋತಾಗೆಲ್ಲ "ಬಿಡಬ್ಯಾಡ" ಅಂತಿತ್ತು. ಕಡೀಕ ಅವರು ಗೊರಕ್ಕಂತ ಉಸುರು ಎಳಕೊಂಡ್ರು. ದನಿ ನಿಂತಿತು. ನಾ ಅವರ ಎದಿ ಮ್ಯಾಲ ಬಿದ್ದು ಮನಸಾರೆ ಅತ್ತೆ.

ಮಾವನವರು ಯಾವ ದನೀನೂ ಕೇಳಿಲ್ಲ ಅಂದ್ರು. ಚೇತರಿಸಿಕೊಂಡ ಮ್ಯಾಲ ಇವರನ್ನ ಕೇಳಿದೆ. ಅವರಿಗೂ ಏನೂ ನೆನಪಿಲ್ಲ. "ಸತ್ತ ಮ್ಯಾಲರ ನನ್ನ ಮಾತ ಕೇಳಿದೆಲಾ, ತಾಯಿ!" ಅಂತ ಚ್ಯಾಷ್ಟಿ ಮಾಡಿದ್ರು. ಹೆಸರು ಹಿಡದು ಕರದ್ರಿ ಅಂದಾಗ ಮಾತ್ರ ನಗು ನಿಂತಿತು. ಆ ಕಾಲಕ್ಕ ನಮ್ಮ ಮನ್ಯಾಗ ಗಂಡಸರು ಹೆಂಡತಿ ಹೆಸರು ಹಿಡೀತಿರಲಿಲ್ಲ. "ಏ, ಇಲ್ಲೆ ಕೇಳು" ಅಂದ್ರ ಅದು ನಾನು.

"ಅಪ್ಪನ ಮುಂದ? ನಾನ? ಅಷ್ಟ ಧೈರ್ಯ ನನಗೆಲ್ಲಿಂದ ಬರಬೇಕು?" ಅಂದ್ರು.

"ಹಂಗಾರ ಈಗ ಕರೀರಿ. ಯಾರೂ ಇಲ್ಲ" ಅಂದೆ.

ಬಾಯಿ ತೆಗದ್ರು, ಮುಚ್ಚಿದ್ರು. ಕಿವಿ ಕೆಂಪಾದ್ವು. ಮುಂದ ಭಾಳ ವರ್ಷ ಪ್ರೀತಿಲೆ ಜೋಡಿ ಬಾಳಿದ್ವಿ. ಒಮ್ಮೆನೂ ಅವರ ಬಾಯಿಂದ ನನ್ನ ಹೆಸರು ಬರಲಿಲ್ಲ. ಆದ್ರೂ ಅದು ಅವರ ದನಿಯೊಳಗ ಹ್ಯಾಂಗ ಕೇಳ್ತೈತಿ ಅಂತ ನನಗ ಗೊತ್ತೈತಿ. ಕರದವರು ಯಾರು ಅನ್ನೂದು ಗೊತ್ತಿಲ್ಲ.