ಒಂದೇ ಕೈ ಎಂದೆ

ಗಾಂಧಿ ಬಜಾರಿನ ಗೋಡೆಗೆ ಅಂಟಿಸಿದ್ದ ಆ ಚಿತ್ರವನ್ನು ಬರೆದವನು ನಾನು. ಅದಕ್ಕಾಗಿ ಆರು ತಿಂಗಳು ಜೈಲಿನಲ್ಲಿದ್ದವನು ಭದ್ರಾವತಿಯ ಸತ್ತಾರ್. ಅವನನ್ನು ಅಲ್ಲಿಗೆ ಕಳಿಸಿದ ಮಾತೂ ನನ್ನದೇ. ಈ ಮೂರು ಸಾಲು ಬರೆಯಲು ಏಳು ವರ್ಷ ಬೇಕಾಯಿತು.

ನಾನು ಶಿವಮೊಗ್ಗದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆ ಹೊಸಮನೆಯಲ್ಲಿ. ಸತ್ತಾರ್ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೋರ್ಡು ಬರೆಯುವವನು. ಅಂಗಡಿಯ ಹೆಸರು, ಬಸ್ಸಿನ ಹೆಸರು, ಗಾಡಿಯ ಮೇಲಿನ ಹೂಬಳ್ಳಿ — ಆ ಊರಿನಲ್ಲಿ ಅವನ ಕುಂಚ ಮುಟ್ಟದ ಬಾಗಿಲು ಕಡಿಮೆ. ನಮ್ಮಿಬ್ಬರ ಸ್ನೇಹ ಶುರುವಾದದ್ದು ರದ್ದಿ ಕಾಗದದಿಂದ. ಆಗ ಬಜಾರಿನ ಸಗಟು ಅಂಗಡಿಗಳಿಗೆ ಪೊಟ್ಟಣ ಕಟ್ಟಲು ಪರದೇಶದ ಹಳೆಯ ಪತ್ರಿಕೆಗಳು ಮೂಟೆಗಟ್ಟಲೆ ಬರುತ್ತಿದ್ದವು. ಅವುಗಳ ಭಾನುವಾರದ ಬಣ್ಣದ ಪುಟದಲ್ಲಿ ಕಾಡಿನ ವೀರನೊಬ್ಬನ ಚಿತ್ರಕಥೆ ಇರುತ್ತಿತ್ತು. ಸೊಂಟಕ್ಕೊಂದು ತುಂಡು ತೊಗಲು, ಕೈಯಲ್ಲಿ ಚಾಕು, ಬಳ್ಳಿಯಿಂದ ಬಳ್ಳಿಗೆ ಹಾರುವವನು. ಒಣಮೆಣಸಿನಕಾಯಿ ಕಟ್ಟಲು ಹೊರಟಿದ್ದ ಅಂಥ ಒಂದು ಹಾಳೆಗೆ ನಾವಿಬ್ಬರೂ ಒಂದೇ ಸಲ ಕೈ ಚಾಚಿದೆವು. ಅದು ಮೂಲೆಯಲ್ಲಿ ಹರಿಯಿತು. ಇಬ್ಬರೂ ನಕ್ಕೆವು.

ಆಮೇಲೆ ಭಾನುವಾರವೆಂದರೆ ನಾನು ಭದ್ರಾವತಿಯ ರೈಲು ಹತ್ತುವುದೇ. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಳೆಗಳನ್ನೆಲ್ಲ ನೆಲಕ್ಕೆ ಹರಡಿ ಕೂರುತ್ತಿದ್ದೆವು. ಅವನ ಹೆಂಡತಿ ಖೈರುನ್ನೀಸಾ ಬಾಗಿಲ ಸಂದಿಯಿಂದ ಚಹಾ ಸರಿಸುವಳು. ಅವಳಿಗೆ ನಾವು ಹುಚ್ಚರೆಂಬುದರಲ್ಲಿ ಅನುಮಾನವಿರಲಿಲ್ಲ.

ಒಂದು ದಿನ ಸತ್ತಾರ್ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟ.

“ಮೇಷ್ಟ್ರೇ, ಇವನು ಬೇರೆ, ಇವನು ಬೇರೆ. ಬರೆದವ್ರು ಇಬ್ರು.”

ನಾನು ಒಪ್ಪಲಿಲ್ಲ. ಅದೇ ವೀರ, ಅದೇ ಹೆಸರು, ಅದೇ ತೊಗಲು! ಅವನು ಕಾಲುಗಳನ್ನು ತೋರಿಸಿದ, ಕೊಂಬೆ ಹಿಡಿದ ಬೆರಳುಗಳನ್ನು ತೋರಿಸಿದ. ನನಗೆ ಬೆಚ್ಚಿದಂತಾಯಿತು. ವರ್ಷಗಟ್ಟಲೆ ನೋಡಿದ ಒಬ್ಬ ಮನುಷ್ಯ ಕಣ್ಣೆದುರೇ ಇಬ್ಬರಾಗಿ ಒಡೆದುಹೋದ. ಮೊದಲ ಚಿತ್ರಕಾರನ ವೀರ ತೆಳ್ಳಗೆ, ಸುಮ್ಮನೆ ನಿಲ್ಲಬಲ್ಲವನು. ಸುತ್ತ ಕಾಡು ದೊಡ್ಡದಾಗಿ ಉಸಿರಾಡುತ್ತಿತ್ತು. ಎರಡನೆಯವನ ವೀರನ ಮೈಯಲ್ಲಿ ಹುರಿಹಗ್ಗದಂಥ ನರಗಳು. ನೆಲದ ಮೇಲೆ ಕಾಲೂರಿದ್ದೇ ಇಲ್ಲ, ಬೇರುಗಳೂ ಅವನೊಂದಿಗೆ ತಿರುಚಿಕೊಳ್ಳುತ್ತಿದ್ದವು. ನನಗೆ ಈ ಎರಡನೆಯವನೇ ಇಷ್ಟ. ಸತ್ತಾರನಿಗೆ ಮೊದಲಿನವನು. ಇಬ್ಬರೂ ನಮ್ಮ ನಮ್ಮ ಚಿತ್ರಕಾರನನ್ನು ನಕಲು ಮಾಡುತ್ತ, ಜಗಳವಾಡುತ್ತ ವರ್ಷಗಳನ್ನೇ ಕಳೆದೆವು.

ಒಮ್ಮೆ ನಾನು ತುಂಬ ಕಷ್ಟಪಟ್ಟು ಬರೆದದ್ದನ್ನು ತೋರಿಸಿದಾಗ ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. “ಚೆನ್ನಾಗಿದೆ. ಆದ್ರೆ ಮೇಷ್ಟ್ರೇ, ಅವನನ್ನ ಸುಮ್ನೆ ನಿಲ್ಲಿಸೋಕೆ ನಿಮ್ಗೆ ಬರಲ್ಲ. ಅದಕ್ಕೇ ಹಾರಿಸ್ತೀರಿ.”

ನಾನು ನಕ್ಕೆ. ಆ ಮಾತು ಮಾತ್ರ ಒಳಗೇ ಉಳಿಯಿತು. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವನು ನಾನು, ಬೋರ್ಡು ಬರೆಯುವವನು ಅವನು — ಹೀಗೆ ಯೋಚಿಸಿದೆ. ಹೌದು, ಹೀಗೆಯೇ ಯೋಚಿಸಿದೆ.

ಚಲೇಜಾವ್ ಎಂಬ ಕೂಗು ನಮ್ಮ ಊರಿಗೂ ಬಂದ ದಿನಗಳು. ಚಳವಳಿಯಲ್ಲಿದ್ದ ಪರಿಚಯದವರೊಬ್ಬರು ಒಂದು ಚಿತ್ರ ಬೇಕೆಂದರು. ಒಂದು ಭಾನುವಾರ ಭದ್ರಾವತಿಗೆ ಹೋಗದೆ ಖಾಲಿ ಶಾಲೆಯಲ್ಲಿ ಕುಳಿತು ಬರೆದೆ: ಕಾಡಿನ ವೀರ ಖಾದಿ ಟೋಪಿ ಹಾಕಿಕೊಂಡು ತುಂಗೆಯ ದಡದಲ್ಲಿ ನಿಂತಿದ್ದಾನೆ, ಅವನನ್ನು ಕಂಡೇ ಹ್ಯಾಟಿನ ದೊರೆ ಹೊಳೆಗೆ ಬೀಳುತ್ತಿದ್ದಾನೆ. ನನ್ನ ಕೈ ಊರಿಗೆಲ್ಲ ಗೊತ್ತಿತ್ತು, ಅದನ್ನು ಮರೆಮಾಡಬೇಕಿತ್ತು. ಆದ್ದರಿಂದ ನರಗಳನ್ನು ಬಿಟ್ಟೆ. ತೆಳ್ಳಗಿನವನನ್ನು, ಸುಮ್ಮನೆ ನಿಂತವನನ್ನು ಬರೆದೆ — ಸತ್ತಾರ್ ಬರೆಯುವಂತೆ. ಅವನಿಗೆ ತೊಂದರೆಯಾದೀತು ಎಂದು ಹೊಳೆಯಲಿಲ್ಲ ಎನ್ನಲೇ? ಹೊಳೆದಿತ್ತೋ ಏನೋ. ವೀರ ಕೊನೆಗೂ ನಿಂತನಲ್ಲ ಎಂಬ ಸಂತೋಷದಲ್ಲಿ ಅದನ್ನು...

ಚಿತ್ರ ನೋಡಲು ಬಜಾರಿನಲ್ಲಿ ಜನ ಸೇರಿದರು. ನಾಲ್ಕನೆಯ ದಿನ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆಸಿದರು. ಒಳಗೆ ಪೊಲೀಸ್ ಅಧಿಕಾರಿ. ಮೇಜಿನ ಮೇಲೆ ಗೋಡೆಯಿಂದ ಕಿತ್ತು ತಂದ ನನ್ನ ಚಿತ್ರ. ಪಕ್ಕದಲ್ಲಿ ಸತ್ತಾರನ ಅಂಗಡಿಯಿಂದ ತಂದ ಅವನ ಚಿತ್ರ. ಕಾಡಿನ ಮನುಷ್ಯನ ಚಿತ್ರ ಬರೆಯುವವನು ಓಲ್ಡ್ ಟೌನಿನಲ್ಲಿದ್ದಾನೆಂದು ಯಾರೋ ಹೇಳಿದ್ದರಂತೆ.

“ನೀವು ಕಲಿತವ್ರು. ನೋಡಿ ಹೇಳಿ. ಇವೆರಡೂ ಒಂದೇ ಕೈನವಾ, ಬೇರೆ ಬೇರೆನಾ?”

ನಾನು ಬಗ್ಗಿ ನೋಡಿದೆ. ಸತ್ತಾರನ ವೀರನ ಪಾದ ನೆಲದ ಮೇಲೆ ಹಗುರವಾಗಿತ್ತು. ನನ್ನ ವೀರನ ಕಾಲಿನ ಹೆಬ್ಬೆರಳು ಮಣ್ಣನ್ನು ಕಚ್ಚಿ ಹಿಡಿದಿತ್ತು. ಎಷ್ಟು ಮರೆಸಿದರೂ ಅಲ್ಲಿ ನನ್ನ ಕೈ ಇಣುಕುತ್ತಿತ್ತು. ಬೇರೆ ಬೇರೆ ಎಂದರೆ ಸಾಕಿತ್ತು, ಅವನು ಉಳಿಯುತ್ತಿದ್ದ. ಹಾಗಾದರೆ ಇದು ಯಾರದು ಎಂದು ಅವರು ಕೇಳುತ್ತಿದ್ದರು — ಅಷ್ಟೇ.

“ಒಂದೇ ಕೈ ಸಾರ್,” ಎಂದೆ.

ಯಾರೂ ನನ್ನನ್ನು ಹೊಡೆದಿರಲಿಲ್ಲ, ಗದರಿಸಿರಲಿಲ್ಲ. ಅಧಿಕಾರಿ ಕುಳಿತುಕೊಳ್ಳಲು ಕುರ್ಚಿ ಕೂಡ ಕೊಟ್ಟಿದ್ದರು. ಹಾಗೆನ್ನುವ ಕ್ಷಣದಲ್ಲಿ, ನಿಲ್ಲಿಸೋಕೆ ಬರಲ್ಲ ಎಂದ ಸತ್ತಾರನ ಮಾತು ನೆನಪಾಗಿತ್ತು. ಅದನ್ನೂ ಬರೆದುಬಿಡಬೇಕು. ಭಯವೊಂದೇ ಆಗಿದ್ದರೆ...

ಸತ್ತಾರ್ ಜೈಲಿಗೆ ಹೋದ. ಅಂಗಡಿ ಮುಚ್ಚಿತು. ಖೈರುನ್ನೀಸಾ ಬೀಡಿ ಕಟ್ಟುತ್ತಾಳೆಂದು ಕೇಳಿದೆ. ನಾನು ಒಂದು ಭಾನುವಾರವೂ ಆ ರೈಲು ಹತ್ತಲಿಲ್ಲ. ಬಿಡುಗಡೆಯಾಗಿ ಬಂದ ಮೇಲೆ ಬಸ್ಸಿನವರು ಹೆದರಿ ಅವನಿಗೆ ಕೆಲಸ ಕೊಡಲಿಲ್ಲ. ಕುಂಚ ಹಿಡಿದವನು ಮರದ ಡಿಪೋದಲ್ಲಿ ದಿಮ್ಮಿ ಉರುಳಿಸಿದ. ಇದೆಲ್ಲ ನನಗೆ ಬಾಯಿಂದ ಬಾಯಿಗೆ ತಲುಪುತ್ತಿತ್ತು. ಕೇಳಿಸಿಕೊಂಡು ಊಟ ಮಾಡುತ್ತಿದ್ದೆ.

ಸ್ವಾತಂತ್ರ್ಯ ಬಂದ ವರ್ಷ, ಜೈಲಿಗೆ ಹೋಗಿಬಂದವರಿಗೆ ಓಲ್ಡ್ ಟೌನಿನಲ್ಲಿ ಹಾರ ಹಾಕುವ ಸಭೆ ನಡೆಯಿತು. ಇನ್ನು ಭಯವಿಲ್ಲ, ದೂರದಿಂದ ನೋಡಿ ಬರೋಣ ಎಂದು ಹೋದೆ. ಸತ್ತಾರನ ಹೆಸರು ಕೂಗಿದರು. ಅವನು ಮುಂದೆ ಬಂದು ಹಾರವನ್ನು ಕೈಯಲ್ಲೇ ತಡೆದ.

“ಆ ಚಿತ್ರ ನಾನು ಬರೆದಿದ್ದಲ್ಲ. ಅವತ್ತೂ ಹೇಳ್ದೆ, ಇವತ್ತೂ ಹೇಳ್ತೀನಿ. ಹಾರ ನಂಗೆ ಬೇಡ.”

ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಅವನು ಗುಂಪಿನಲ್ಲಿ ನನ್ನನ್ನು ಕಂಡಿದ್ದ. ನೇರವಾಗಿ ಬಂದು ಕೈ ಹಿಡಿದು ಒಂದು ಬದಿಗೆ ಕರೆದುಕೊಂಡು ಹೋದ. ಅಂಗೈ ಮರದ ತೊಗಟೆಯ ಹಾಗಿತ್ತು.

“ಕಾಲಿನ ಹೆಬ್ಬೆರಳು ನಿಮ್ದು ಮೇಷ್ಟ್ರೇ,” ಎಂದ, ಪಿಸುಮಾತಿನಲ್ಲಿ. “ಪೊಲೀಸ್ನೋರು ಆ ಚಿತ್ರಾನ ಮುಂದೆ ಹಿಡಿದ ತಕ್ಷಣ ಗೊತ್ತಾಯ್ತು. ನಿಂಗೆ ಕೈ ಗುರುತು ಸಿಗುತ್ತಂತಲ್ಲ, ಯಾರ್ದು ಹೇಳು, ಬಿಟ್ಬಿಡ್ತೀವಿ ಅಂದ್ರು. ಗೊತ್ತಿಲ್ಲ ಅಂದೆ.”

ಸಭೆಯಲ್ಲಿ ಯಾರೋ ಭಾಷಣ ಮಾಡುತ್ತಿದ್ದರು, ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಇವನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ನನ್ನ ಹೆಸರು ಹೇಳಿದ್ದರೆ ಅದೇ ಸಂಜೆ ಮನೆಗೆ ಹೋಗಬಹುದಿತ್ತು...

“ಒಂದು ಕೇಳ್ಬೇಕು,” ಎಂದ ಸತ್ತಾರ್. “ಎರಡೂ ಒಂದೇ ಕೈ ಅಂತ ಮೇಷ್ಟ್ರೊಬ್ರು ಹೇಳವ್ರೆ ಅಂತ ಠಾಣೇಲಿ ಅಂದ್ರು. ನಮ್ಮ ಮೇಷ್ಟ್ರು ಅಲ್ಲ ಅಂತ ನಾನು ಖೈರುನ್ನೀಸಾ ಹತ್ರ ಜಗಳಾನೇ ಆಡಿದೀನಿ. ನೀವಲ್ಲ ತಾನೇ?”

ಅವನ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಿಜ ಹೇಳುತ್ತಿದ್ದೆನೇನೋ. ಅವು ಬೇಡಿಕೊಳ್ಳುತ್ತಿದ್ದವು.

“ನಾನಲ್ಲ ಮಾರಾಯ,” ಎಂದೆ.

ಅವನು ನನ್ನನ್ನು ತಬ್ಬಿಕೊಂಡ. ಅಷ್ಟು ವರ್ಷಗಳ ಮೇಲೆ, ಜನರ ಮಧ್ಯೆ, ತಬ್ಬಿಕೊಂಡ.

ಮೊದಲ ಸುಳ್ಳಿಗೆ ಭಯವಿತ್ತು, ಹೊಟ್ಟೆಕಿಚ್ಚಿತ್ತು. ಈ ಎರಡನೆಯದಕ್ಕೆ ಯಾವ ಹೆಸರಿಡಲಿ? ಎರಡು ವರ್ಷದಿಂದ ಸತ್ತಾರನ ಮನೆಯ ಚಹಾ ಕುಡಿಯುತ್ತಿದ್ದೇನೆ. ಅವನು ಮತ್ತೆ ಬೋರ್ಡು ಬರೆಯುತ್ತಾನೆ, ಗೆರೆ ಮೊದಲಿನಷ್ಟು ನೇರ ಬರುವುದಿಲ್ಲ. ಖೈರುನ್ನೀಸಾ ಲೋಟ ಇಡುವಾಗ ನನ್ನ ಮುಖ ನೋಡುವುದಿಲ್ಲ. ಅವಳು ಗಂಡನ ಮಾತು ನಂಬಿದ್ದಾಳೋ, ಅಥವಾ...

ಎದುರು ಕುಳಿತರೆ ನನ್ನ ಬಾಯಿ ಮತ್ತೆ ನಾನಲ್ಲ ಎಂದೇ ಹೇಳುತ್ತದೆ, ಬಲ್ಲೆ. ಆದ್ದರಿಂದ ಬರೆದೆ. ನಾಳೆ ಭಾನುವಾರ. ಈ ಹಾಳೆಗಳನ್ನು ಸತ್ತಾರನ ಕೈಗೆ ಕೊಡುತ್ತೇನೆ. ಅವನು ಬೆರಳಿಟ್ಟು ನಿಧಾನವಾಗಿ ಓದುವವನು, ಹೊತ್ತು ಹಿಡಿಯುತ್ತದೆ. ಓದಿ ಮುಗಿಸಿ ಅವನು ಜೋರಾಗಿ ಹೆಂಡತಿಗೂ ಓದಿ ಹೇಳಬಹುದು. ಹೇಳಲಿ. ಅಷ್ಟು ಹೊತ್ತೂ ನಾನು ಎದ್ದು ಹೊರಗೆ ಹೋಗುವುದಿಲ್ಲ.