ಪರದೇಶದವರ ಸಾಲಿನಲ್ಲಿ ಆಂಥೋನಿ

ಯೂಜಿನ್‌ನ ಬದುಕಿನಲ್ಲಿ ಎರಡು ಬಂದರುಗಳಿವೆ. ಒಂದು ಮಂಗಳೂರಿನ ಹಳೇ ಬಂದರು. ಅವನ ತಂದೆ ಹೊರಟದ್ದು ಅಲ್ಲಿಂದ. ಇನ್ನೊಂದು ಸ್ಕಾಟ್ಲೆಂಡಿನ ಪೋರ್ಟ್ ಕ್ರೇಗಿ. ಅದನ್ನು ಅವನು ಕಣ್ಣಿನಿಂದ ನೋಡಿಲ್ಲ, ಬೆರಳಿನಿಂದ ನೋಡಿದ್ದಾನೆ.

ಕುವೈಟಿನ ಶರ್ಕ್‌ನ ಕಚೇರಿಯೊಂದರಲ್ಲಿ ಅವನು ಮೂವತ್ತು ವರ್ಷಗಳಿಂದ ಟೈಪಿಸ್ಟ್. ವಿಸಿಟಿಂಗ್ ಕಾರ್ಡಿನಲ್ಲಿ ಈಗ ಉದ್ದದ ಹುದ್ದೆಯೇನೋ ಇದೆ, ಕೆಲಸ ಮಾತ್ರ ಅದೇ. ಆಳೂ ಒಂದು ಟೈಪು: ಕೊಟ್ಟದ್ದನ್ನು ಅಕ್ಷರ ಬಿಡದೆ ಹೊಡೆಯುತ್ತಾನೆ, ತನ್ನದೆಂದು ಒಂದು ಮಾತು ಸೇರಿಸುವುದಿಲ್ಲ. ಈ ಗುಣ ನೋಡಿಯೇ ಮ್ಯಾನೇಜರ್ ಲೌಡನ್ ಹನ್ನೊಂದು ವರ್ಷಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ತಂದು ಅವನ ಮೇಜಿನ ಮೇಲಿಟ್ಟರು. ಅದರಲ್ಲಿದ್ದದ್ದು ಲೌಡನ್ ಹುಟ್ಟಿದ ಪೋರ್ಟ್ ಕ್ರೇಗಿಯ ಚರಿತ್ರೆ: ಮನೆತನಗಳು, ದೋಣಿಗಳು, ಮದುವೆಗಳು, ಜಗಳಗಳು, ಎಲ್ಲವೂ ಕೈಬರಹದಲ್ಲಿ. ಆಫೀಸು ಮುಗಿದ ಮೇಲೆ ದಿನಕ್ಕೆರಡು ಪುಟದಂತೆ ಯೂಜಿನ್ ಅದನ್ನು ಹೊಡೆಯುತ್ತ ಬಂದ. ಸಾಲ್ಮಿಯಾದ ಮಾಲ್‌ಗಳಲ್ಲಿ ಈಗಲೂ ಅವನಿಗೆ ಹೊರಗೆ ಬರುವ ಬಾಗಿಲು ಸಿಗುವುದಿಲ್ಲ. ಪೋರ್ಟ್ ಕ್ರೇಗಿಯ ಮೀನು ಒಣಗಿಸುವ ಓಣಿಯಲ್ಲಿ ಬಲಗಡೆಯ ಮೂರನೇ ಮನೆ ಯಾರದ್ದೆಂದು ಕೇಳಿ, ಅಜ್ಜನ ಕಾಲದಿಂದ ಹೇಳುತ್ತಾನೆ.

ತನ್ನ ತಂದೆಯ ವಿಷಯ ಕೇಳಿದರೆ ಮಾತ್ರ ಅವನ ಬೆರಳುಗಳು ಸುಮ್ಮನಾಗುತ್ತಿದ್ದವು.

ಐವತ್ತು ವರ್ಷಗಳ ಹಿಂದೆ, ಯೂಜಿನ್‌ಗೆ ಮೂರು ತುಂಬಿದಾಗ, ತಂದೆ ಆಂಥೋನಿ ಹಂಚು ತುಂಬಿದ ಲಾಂಚಿನಲ್ಲಿ ವೀಸಾ ಇಲ್ಲದೆ ಕುವೈಟಿಗೆ ಹೊರಟರು. ಆಗ ಹಾಗೆ ಹೋಗುತ್ತಿದ್ದವರು ಬಹಳ. ತಲುಪಿದೆನೆಂಬ ಕಾಗದ ಬರಲಿಲ್ಲ. ತಾಯಿ ಆಗ್ನೆಸ್ ಕಾದರು. ಸಂಜೆಯ ತೇರ್ಸ್, ಅಂದರೆ ಮನೆಯವರೆಲ್ಲ ಮೊಣಕಾಲೂರಿ ಹೇಳುವ ಜಪಮಾಲೆ, ಮುಗಿದ ಮೇಲೆ ಅವರ ಮನೆಯಲ್ಲಿ ಎರಡು ಪಟ್ಟಿಗಳಿದ್ದವು. ಮೊದಲು ತೀರಿಕೊಂಡವರಿಗಾಗಿ ಒಂದು ಪ್ರಾರ್ಥನೆ. ಆಮೇಲೆ ಪರದೇಶದಲ್ಲಿರುವವರಿಗಾಗಿ ಇನ್ನೊಂದು. ಆಂಥೋನಿಯ ಹೆಸರು ಎರಡನೆಯದರಲ್ಲಿ. ನವೆಂಬರಿನಲ್ಲಿ ಇಗರ್ಜಿಗೆ ಮೃತರ ಹೆಸರು ಬರೆದುಕೊಡುವಾಗ ಯಾರಾದರೂ "ಆಂಥೋನಿಯದ್ದೂ ಬರೆಯುವುದಾ?" ಎಂದರೆ ಆಗ್ನೆಸ್ ಪೆನ್ನು ಕಸಿದುಕೊಳ್ಳುತ್ತಿದ್ದರು.

ಯೂಜಿನ್ ಇಪ್ಪತ್ಮೂರಕ್ಕೆ ಕುವೈಟಿಗೆ ಹೊರಟಾಗ ಅವರು ಹೇಳಿದ್ದು ಒಂದೇ: "ಪುತಾ, ಪಪ್ಪನನ್ನು ಹುಡುಕು."

ಅವನು ಹುಡುಕಿದ, ಒಂದೇ ವರ್ಷದಲ್ಲಿ ಉತ್ತರವೂ ಸಿಕ್ಕಿತು. ರುಮೈಥಿಯಾದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಾಸಿಂ ಕುಂಞಿ ಎಂಬ ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು ಅದೇ ಲಾಂಚಿನಲ್ಲಿ ಬಂದವರು. ಬದುಕಿ ದಡ ಸೇರಿದ ನಾಲ್ವರಲ್ಲಿ ಒಬ್ಬರು. ಮಸ್ಕತ್ ಕಾಣುವ ಮೊದಲೇ ಲಾಂಚು ಒಡೆದಿತ್ತು.

ಮೊದಲ ರಜೆಗೆ ಹೋದಾಗ ಹೇಳಬೇಕೆಂದೇ ಯೂಜಿನ್ ವಿಮಾನ ಹತ್ತಿದ್ದು. ಆಗ್ನೆಸ್ ಬಾಗಿಲಲ್ಲೇ ಕೇಳಿದರು, "ಸಿಕ್ಕಿದರಾ?" ಅವನ ಬಾಯಿಂದ ಬಂದದ್ದು, "ವಿಚಾರಿಸ್ತಾ ಇದ್ದೇನೆ ಮಾಂಯ್." ಮರುವರ್ಷ ಅದೇ ವಾಕ್ಯ. ಟೈಪಿಸ್ಟನಿಗೆ ಒಮ್ಮೆ ಹೊಡೆದದ್ದನ್ನು ಮತ್ತೆ ಹೊಡೆಯುವುದು ಕಷ್ಟವಲ್ಲ. ಮೂವತ್ತರ ಹತ್ತಿರ ಪ್ರತಿಗಳಾದವು.

ಕಳೆದ ಚಳಿಗಾಲದಲ್ಲಿ ಲೌಡನ್‌ರ ಪುಸ್ತಕ ಕೊನೆಯ ಅಧ್ಯಾಯಕ್ಕೆ ಬಂತು: ಪೋರ್ಟ್ ಕ್ರೇಗಿಯ ಸಮಾಧಿ ಕಲ್ಲುಗಳ ಬರಹಗಳು. ಅಲ್ಲಿ ಎರಡು ಕಲ್ಲಿಗೊಂದರಂತೆ ಅದೇ ಮಾತು. ಇವರ ಮಗ, ಇಪ್ಪತ್ತೆರಡು ವರ್ಷ, ಕಡಲಲ್ಲಿ ಕಳೆದುಹೋದವನು. ಇವಳ ಗಂಡ, ಕಡಲಲ್ಲಿ. ಒಂದು ಕಲ್ಲಿನಲ್ಲಿ ತಂದೆ, ಮಗ, ಅಳಿಯ ಮೂವರೂ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಯೂಜಿನ್ ಕೆಲಸ ನಿಲ್ಲಿಸಿ ಕೇಳಿದ.

"ಸರ್, ದೇಹ ಸಿಕ್ಕಿಲ್ಲ ಅಂತೀರಿ. ಹಾಗಾದರೆ ಈ ಕಲ್ಲಿನ ಕೆಳಗೆ ಇರುವುದು ಯಾರು?"

"ಯಾರೂ ಇಲ್ಲ," ಎಂದರು ಲೌಡನ್. "ಆದರೆ ನನ್ನ ಅಜ್ಜಿಗೆ ಹೂವಿಡಲು ಒಂದು ಜಾಗ ಬೇಕಿತ್ತು. ಹೆಸರು ಕೆತ್ತುವವರೆಗೆ ಅವಳು ದಿನಾ ದೋಣಿ ನಿಲ್ಲುವ ದಕ್ಕೆಗೆ ಹೋಗಿ ನಿಲ್ಲುತ್ತಿದ್ದಳಂತೆ."

ಆ ಕಲ್ಲಿನ ಸಾಲನ್ನು ಹೊಡೆಯುವಾಗ ಯೂಜಿನ್ ಮೂರು ಸಲ ತಪ್ಪಿದ.

ಡಿಸೆಂಬರಿಗೆ ಅವನ ಇಕಾಮಾ, ಅಂದರೆ ಕುವೈಟಿನಲ್ಲಿರುವ ಪರವಾನಗಿ, ಮುಗಿಯುತ್ತದೆ. ಮತ್ತೆ ಮಾಡಿಸುವುದಿಲ್ಲ, ಊರಿಗೆ ಮರಳುತ್ತಾನೆ. ಮಗಳು, ಅಂದರೆ ಯೂಜಿನ್‌ನ ಅಕ್ಕ, ಹಿಲ್ಡಾಳ ಜೊತೆ ಸುರತ್ಕಲ್‌ನಲ್ಲಿರುವ ಆಗ್ನೆಸ್‌ಗೆ ಈಗ ಎಂಬತ್ತೆರಡು. ಸುದ್ದಿ ಕೇಳಿ ಅವರು ಫೋನಿನಲ್ಲಿ ಗಾಬರಿಯಾದರು.

"ನೀನು ಬಂದುಬಿಟ್ಟರೆ ಅಲ್ಲಿ ಅವರನ್ನು ಹುಡುಕುವವರು ಯಾರು?"

ಆಗ ಅವನು ಹೇಳಿದ. ಕಾಸಿಂ ಕುಂಞಿಯ ವಿಷಯ, ಲಾಂಚಿನ ವಿಷಯ, ತನಗೆ ಯಾವಾಗಿನಿಂದ ಗೊತ್ತು ಎನ್ನುವ ವಿಷಯ. ಅಳುತ್ತಾರೆಂದು ಕಾದ. ಆಗ್ನೆಸ್ ಅಳಲಿಲ್ಲ.

"ಮೂವತ್ತು ವರ್ಷವಾ?"

"ಹೂಂ, ಮಾಂಯ್. ನಿಮಗೆ ನೋವಾಗ್ತದೆ ಅಂತ..."

"ನನ್ನ ನೋವು ಹಾಳಾಗಲಿ! ಅವರ ಆತ್ಮದ ಗತಿ ಏನೋ? ಬದುಕಿರುವವರ ಪಟ್ಟಿಯಲ್ಲಿಟ್ಟು, ಆರೋಗ್ಯ ಕೊಡು, ಕೆಲಸ ಕೊಡು ಅಂತ ಬೇಡಿಕೊಂಡೆನಲ್ಲ! ಸತ್ತವರಿಗೆ ಆರೋಗ್ಯ ಯಾಕೆ? ಗೊತ್ತಿಲ್ಲದೆ ನಾನು ಮಾಡಿದ್ದನ್ನು ದೇವರು ಕ್ಷಮಿಸಿಯಾನು. ನಿನಗೆ ಗೊತ್ತಿತ್ತು. ಒಂದು ಪೂಜೆ ಇಲ್ಲ, ಒಂದು ಮೇಣದಬತ್ತಿ ಇಲ್ಲ. ನಮ್ಮ ಪ್ರಾರ್ಥನೆಗಾಗಿ ಶುದ್ಧೀಕರಣದ ಬೆಂಕಿಯಲ್ಲಿ ಕಾಯುವ ಅವರನ್ನು ಒಬ್ಬರನ್ನೇ ಬಿಟ್ಟೆಯಲ್ಲ, ಪುತಾ!"

ಫೋನ್ ಇಟ್ಟರು. ದುಃಖಕ್ಕೆ ಯೂಜಿನ್ ತಯಾರಾಗಿದ್ದ. ಈ ಲೆಕ್ಕ ಅವನಿಗೆ ಹೊಳೆದಿರಲೇ ಇಲ್ಲ.

ಹತ್ತು ದಿನ ಮಾತಿಲ್ಲ. ಹನ್ನೊಂದನೆಯ ದಿನ ಹಿಲ್ಡಾಳ ಸಂದೇಶ ಬಂತು: ಮಾಂಯ್‌ಗೆ ಆ ಬ್ಯಾರಿಯವರ ಹತ್ತಿರ ಮಾತಾಡಬೇಕಂತೆ.

ಶುಕ್ರವಾರ ಬೆಳಿಗ್ಗೆ ಅವನು ರುಮೈಥಿಯಾಕ್ಕೆ ಹೋದ. ಅಂಗಡಿಯನ್ನು ಈಗ ಅಳಿಯ ನಿಸಾರ್ ನೋಡಿಕೊಳ್ಳುತ್ತಾನೆ. ಕಾಸಿಂ ಕುಂಞಿ ಕ್ಯಾಶ್ ಮೇಜಿನ ಹಿಂದೆ ಕೂತು ಅವನನ್ನು ತಿದ್ದುತ್ತಾರೆ.

"ಎಂತ ಮಾರಾಯ, ಈಗ ಹೇಳಿದ್ದಾ ನೀನು?" ಎಂದರು. "ನಾನು ಅಂದೇ ಹೇಳಿದ್ದೆನಲ್ಲ, ಅಮ್ಮನಿಗೆ ತಿಳಿಸು ಅಂತ. ನೀನು ಕತ್ತೆಯ ಹಾಗೆ ಹೊತ್ತುಕೊಂಡೇ ತಿರುಗಿದೆ. ಕೊಡು ಫೋನು."

ಆಗ್ನೆಸ್ ಕ್ಷೇಮ ಸಮಾಚಾರ ಕೇಳಲಿಲ್ಲ. "ದಿನ ಯಾವುದು ಬ್ಯಾರಿಯವರೇ? ಪೂಜೆಗೆ ದಿನ ಬೇಕು."

"ತಾರೀಕು ಗೊತ್ತಿಲ್ಲಮ್ಮ. ಆದರೆ ಆ ಬೆಳಿಗ್ಗೆ ಆಂಥೋನಿಯವರು ಹೇಳಿದ್ದು ನೆನಪುಂಟು. ಇವತ್ತು ನಮ್ಮಲ್ಲಿ ಹೊಸ ತೆನೆಯ ಹಬ್ಬ, ಮನೆಯಲ್ಲಿ ನನ್ನ ಪಾಲು ತೆಗೆದಿಟ್ಟಿರ್ತಾರೆ, ಅಂತ. ಮಧ್ಯಾಹ್ನ ಲಾಂಚು ಒಡೆಯಿತು."

ಹೊಸ ತೆನೆಯ ಹಬ್ಬ ಎಂದರೆ ಮೊಂತಿ ಫೆಸ್ತ್, ಸೆಪ್ಟೆಂಬರ್ ಎಂಟು.

"ತೆಗೆದಿಟ್ಟಿದ್ದೆ," ಎಂದರು ಆಗ್ನೆಸ್.

"ಒಂದೇ ಡಬ್ಬ ಹಿಡಿದು ತೇಲ್ತಾ ಇದ್ದೆವಮ್ಮ. ನನಗೆ ಈಜು ಬರ್ತಿರಲಿಲ್ಲ, ಅವರಿಗೆ ಬರ್ತಿತ್ತು. ಯಾರೋ ಕೂಗಿದರು. ಡಬ್ಬ ಬಿಟ್ಟು ಆ ಕಡೆಗೆ ಹೋದರು. ಮತ್ತೆ ನಾನು ನೋಡಲಿಲ್ಲ. ಅವರ ಹೆಸರಲ್ಲಿ ನಾನು ಪ್ರತಿವರ್ಷ ದುವಾ ಮಾಡಿಸ್ತೇನೆ, ತಪ್ಪಿಸಿಲ್ಲ."

"ನೀವು ಮಾಡಿಸಿದ್ದೀರಾ?"

"ಐವತ್ತು ವರ್ಷ ಆಯ್ತಮ್ಮ."

"ದೇವರು ನಿಮ್ಮನ್ನು ಚೆನ್ನಾಗಿಡಲಿ," ಎಂದರು ಆಗ್ನೆಸ್. "ಹಾಗಾದರೆ ಅವರು ಅಷ್ಟೂ ಒಬ್ಬರೇ ಇರಲಿಲ್ಲ."

ಮರುದಿನ ಯೂಜಿನ್ ಹಿಲ್ಡಾಳಿಗೆ ನಾಲ್ಕು ಸಾಲು ಟೈಪ್ ಮಾಡಿ ಕಳಿಸಿದ: ಆಂಥೋನಿ, ಆಗ್ನೆಸಳ ಗಂಡ, ವಯಸ್ಸು ಮೂವತ್ತೊಂದು, ಮೊಂತಿ ಫೆಸ್ತಿನ ದಿನ ಕಡಲಲ್ಲಿ ಕಳೆದುಹೋದವರು. ಆಗ್ನೆಸ್ ಅದಕ್ಕೊಂದು ತಿದ್ದುಪಡಿ ಹೇಳಿಸಿದರು. 'ಕುವೈಟಿಗೆ ಹೋಗುವಾಗ' ಎಂದೂ ಇರಬೇಕು; ಹೊರಟದ್ದು ಎಲ್ಲಿಗೆಂದು ಊರಿಗೆ ಗೊತ್ತಾಗಬೇಕು. ಸುರತ್ಕಲ್‌ನಲ್ಲಿ ಕಲ್ಲು ಕೆತ್ತುವವನಿಗೆ ಕಾಗದ ತಲುಪಿದೆ.

ಆ ಸಂಜೆ ಹಿಲ್ಡಾ ಫೋನನ್ನು ದೇವರ ಪೀಠದ ಪಕ್ಕ ಒರಗಿಸಿಟ್ಟಳು. ಯೂಜಿನ್ ತನ್ನ ಕೋಣೆಯಲ್ಲಿ ಮೊಣಕಾಲೂರಿದ. ಆಗ್ನೆಸ್ ಅವನ ಕಡೆ ನೋಡಲಿಲ್ಲ. ಜಪಮಾಲೆ ಮುಗಿಯಿತು. ತೀರಿಕೊಂಡವರ ಪಟ್ಟಿ: ಅತ್ತೆ, ಮಾವ, ಅಣ್ಣ, ನಾದಿನಿ. ಆಮೇಲೆ, ಹೊಸ ಪಾಠ ಒಪ್ಪಿಸುವ ಮಗುವಿನಂತೆ ತಡೆದು ತಡೆದು, "ನನ್ನ ಗಂಡ, ಆಂಥೋನಿ." ಅವರಿಗಾಗಿ ಐವತ್ತು ವರ್ಷಗಳ ಬಾಕಿಯ ಮೊದಲ ಪ್ರಾರ್ಥನೆಯನ್ನು ಮೂವರೂ ಹೇಳಿದರು.

"ಪರದೇಶದಲ್ಲಿರುವವರಿಗಾಗಿ," ಎಂದರು ಆಗ್ನೆಸ್. ಅಭ್ಯಾಸದ ಹೆಸರು ತುಟಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು, ಇಷ್ಟು ದಿನಗಳ ಮೇಲೆ ಮೊದಲ ಸಲ ಅವರು ಫೋನಿನ ಕಡೆ ತಿರುಗಿದರು.

"ನನ್ನ ಮಗ ಯೂಜಿನ್‌ಗಾಗಿ," ಎಂದರು.

ಆ ಸಾಲಿನಲ್ಲಿ ಈಗ ಅವನೊಬ್ಬನೇ.